ಹಿಗ್ಗುವ ಉಕ್ಕಿಗೆ ಬಟ್ಟೆಯ ಕೀಲು

ನಾಗಪುರದ ಉತ್ತರಕ್ಕಿರುವ ಕೊರಾಡಿಯಲ್ಲಿ ದೇವಿಯ ಗುಡಿಯೂ ಪ್ರಸಿದ್ಧ, ಶಾಖೋತ್ಪನ್ನ ವಿದ್ಯುತ್ ಸ್ಥಾವರವೂ ಪ್ರಸಿದ್ಧ. 1974ರಲ್ಲಿ 120 ಮೆಗಾವಾಟ್ ಘಟಕದಿಂದ ಶುರುವಾದ ಸ್ಥಾವರದಲ್ಲಿ ಈಗ 660 ಮೆಗಾವಾಟ್‌ನ ಮೂರು ಘಟಕಗಳಿವೆ. ಇಂಥ ಸ್ಥಾವರಗಳಲ್ಲಿ ಬಾಯ್ಲರಿನ ಹೊಗೆಯನ್ನು ಚಿಮಣಿಗೆ ಒಯ್ಯುವ ಉಕ್ಕಿನ ಡಕ್ಟ್‌ಗಳು ಕೋಣೆಯಷ್ಟು ದೊಡ್ಡವು. ಅವುಗಳ ನಡುವೆ ಅಲ್ಲಲ್ಲಿ ಉಕ್ಕು ನಿಂತು ಬಟ್ಟೆಯ ಪಟ್ಟಿ ಬರುತ್ತದೆ. ಅದೇ ಎಕ್ಸ್‌ಪ್ಯಾನ್ಶನ್ ಜಾಯಿಂಟ್.

30 ಮೀಟರ್ ಉದ್ದದ ಉಕ್ಕಿನ ಡಕ್ಟ್ 300 ಡಿಗ್ರಿ ಬಿಸಿಯೇರಿದರೆ ಸುಮಾರು ನಾಲ್ಕು ಅಂಗುಲ ಬೆಳೆಯುತ್ತದೆ. ಬೆಳೆಯಲು ಜಾಗ ಕೊಡದಿದ್ದರೆ ವೆಲ್ಡಿಂಗ್ ಬಿರಿಯುತ್ತದೆ, ಆಧಾರದ ಕಂಬ ವಾಲುತ್ತದೆ. ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಿಯನ್ನು ಕಾಯಿಸಿ ತೊಡಿಸುತ್ತಿದ್ದ ನಮ್ಮ ಕಮ್ಮಾರರಿಗೆ ಈ ಹಿಗ್ಗು ಚೆನ್ನಾಗಿ ಗೊತ್ತಿತ್ತು. ಅವರ ಕುಲುಮೆಯ ತಿದಿಯ ತೊಗಲಿನ ಮಡಿಕೆಗಳ ಹಾಗೆಯೇ ಕೊಳವೆಗೆ ಕೂಡಿಸುವ ಲೋಹದ ಮಡಿಕೆಗೂ ‘ಬೆಲ್ಲೋಸ್’, ಅಂದರೆ ತಿದಿ, ಎಂದೇ ಹೆಸರು.

ಡಕ್ಟ್‌ಗೆ ಮೊದಲು ಬಳಸಿದ್ದು ಆಸ್ಬೆಸ್ಟಾಸ್ ಬಟ್ಟೆ. ಅದರ ಎಳೆ ಶ್ವಾಸಕೋಶ ಸೇರಿದರೆ ಕ್ಯಾನ್ಸರ್ ತರುತ್ತದೆಂದು ಖಚಿತವಾದ ಮೇಲೆ ಗಾಜಿನ ನಾರಿನ ಬಟ್ಟೆ ಬಂತು. ಗಾಜು ಬೆಂಕಿಗೆ ಬಗ್ಗದು, ಆದರೆ ನೇಯ್ಗೆಯ ಸಂದಿನಲ್ಲಿ ಹೊಗೆ ನುಸುಳುತ್ತದೆ. ಆ ಸಂದು ಮುಚ್ಚಿದ್ದು ಟೆಫ್ಲಾನ್. 1938ರಲ್ಲಿ ಅಮೆರಿಕದ ಡುಪಾಂಟ್ ಕಂಪನಿಯ ರಾಯ್ ಪ್ಲಂಕೆಟ್, ಅನಿಲ ತುಂಬಿಟ್ಟಿದ್ದ ಸಿಲಿಂಡರಿನೊಳಗೆ ಬಿಳಿ ಪುಡಿಯಾಗಿ ಕಂಡ ವಸ್ತು ಅದು. ಆಮ್ಲ ಅದನ್ನು ಮುಟ್ಟದು. ಆದರೆ 260 ಡಿಗ್ರಿಗಿಂತ ಹೆಚ್ಚಿನ ಬಿಸಿಯನ್ನು ಅದು ಬಹುಕಾಲ ತಾಳದು.

ಹೀಗಾಗಿ ಬಿಸಿ ಡಕ್ಟಿನ ಜಾಯಿಂಟನ್ನು ಕತ್ತರಿಸಿ ನೋಡಿದರೆ ಪದರದ ಮೇಲೆ ಪದರ: ಹೊಗೆಯ ಕಡೆ ಗಾಜಿನ ಬಟ್ಟೆ, ನಡುವೆ ಶಾಖ ತಡೆಯುವ ದಪ್ಪ ಹಾಸು, ಅದರಾಚೆ ಟೆಫ್ಲಾನ್ ಹಾಳೆ, ಹೊರಗೆ ಗಾಳಿಗೆ ತೆರೆದ ಹೊದಿಕೆ. ಶಾಖ ಉಳಿಸಲೆಂದು ಈ ಹೊದಿಕೆಯ ಮೇಲೆ ಶಾಖ ತಡೆಯುವ ಇನ್ನಷ್ಟು ಹಾಸು ಸುತ್ತಿದರೆ ಒಳಗಿನ ಟೆಫ್ಲಾನ್ ಬೆಂದುಹೋಗುತ್ತದೆ.

ಬಿಸಿಯೊಂದನ್ನೇ ಅಳೆದು ಬಟ್ಟೆ ಆರಿಸುವುದೂ ತಪ್ಪು. ಚಿಮಣಿಯ ಹತ್ತಿರ ಹೊಗೆ 130-140 ಡಿಗ್ರಿಗೆ ಇಳಿದಿರುತ್ತದೆ. ಸ್ಥಾವರ ನಿಲ್ಲಿಸಿದಾಗ ಇನ್ನೂ ತಣಿದು, ಕಲ್ಲಿದ್ದಲಿನ ಗಂಧಕ ಸಲ್ಫ್ಯೂರಿಕ್ ಆಮ್ಲವಾಗಿ ಮಡಿಕೆಯಲ್ಲಿ ಹನಿಗಟ್ಟುತ್ತದೆ. ಅಲ್ಲಿ ಆಮ್ಲಕ್ಕೆ ಜಗ್ಗದ ಫ್ಲೋರೋ ರಬ್ಬರ್ ಅಥವಾ ಟೆಫ್ಲಾನ್ ಬೇಕು.

ಒತ್ತಡದ ಕೊಳವೆಗಳಿಗೆ ಬಟ್ಟೆ ಸಾಲದು, ಸ್ಟೇನ್‌ಲೆಸ್ ಸ್ಟೀಲ್ ಬೆಲ್ಲೋಸ್ ಬೇಕು. ಕ್ಲೋರೈಡ್ ಇರುವಲ್ಲಿ ಅದೂ ಬಿರುಕು ಬಿಡುತ್ತದೆ. ಆಗ ನಿಕ್ಕಲ್ ಹೆಚ್ಚಿರುವ ಇಂಕೊನೆಲ್‌ನ ಮೊರೆಹೋಗುತ್ತಾರೆ. ಲೋಹ ಒಳ್ಳೆಯದಾದರೂ ಆಧಾರ ತಪ್ಪಬಾರದು. ಕೊರಾಡಿ ಶುರುವಾದ ವರ್ಷವೇ, ಜೂನ್ 1ರಂದು, ಇಂಗ್ಲೆಂಡಿನ ಫ್ಲಿಕ್ಸ್‌ಬರೋ ರಾಸಾಯನಿಕ ಕಾರ್ಖಾನೆಯಲ್ಲಿ ಎರಡು ಬೆಲ್ಲೋಸ್‌ಗಳ ನಡುವೆ ಸರಿಯಾದ ಆಧಾರವಿಲ್ಲದೆ ಕೂಡಿಸಿದ್ದ ತಾತ್ಕಾಲಿಕ ಕೊಳವೆ ಕಿತ್ತುಬಂದು, ಸ್ಫೋಟದಲ್ಲಿ 28 ಜನ ಸತ್ತರು.

ನಾಗಪುರದಲ್ಲಿ ಕೇಂದ್ರ ಕಚೇರಿಯಿರುವ ವೆಸ್ಟರ್ನ್ ಕೋಲ್‌ಫೀಲ್ಡ್ಸ್‌ನ ಕಲ್ಲಿದ್ದಲು ನಮ್ಮ ರಾಯಚೂರು ಸ್ಥಾವರಕ್ಕೂ ಬರುತ್ತದೆ. ಅಲ್ಲಿಯೂ ಬಟ್ಟೆಗೆ ಕೈಹಾಕುವ ಮೊದಲು ಕೇಳಬೇಕಾದ್ದು ಇಷ್ಟು: ಒಳಗೆ ಹರಿಯುವುದು ಏನು? ತಣಿದಾಗ ಅದರಿಂದ ಇಳಿಯುವುದು ಏನು? ಉಕ್ಕು ಯಾವ ಕಡೆಗೆ, ಎಷ್ಟು ಸರಿಯುತ್ತದೆ?