ಅಮ್ಮನ ಹಾಡಿಗೊಂದು ಹೊಸ ಲೆಡ್ಜರ್

ಕಳೆದ ವರ್ಷ ಆರಿದ್ರಾ ಮಳೆ ಹಿಡಿದ ವಾರ. ಮೂಡಿಗೆರೆ ತಾಲ್ಲೂಕಿನ ಶಾಲೆಗಳಿಗೆಲ್ಲ ಮಳೆ ರಜೆ. ಎಂಟನೇ ತರಗತಿಯ ನನ್ನ ಮೊಮ್ಮಗಳು ಬೇಸರ ಕಳೆಯಲು ಹಾಲ್‌ನಲ್ಲಿದ್ದ ಗಾಜಿನ ಬೀರು ತೆಗೆದು, ನನ್ನ ಸಿ.ಡಿ.ಗಳನ್ನು ಒಂದೊಂದಾಗಿ ನೋಡುತ್ತಿದ್ದಳು. "ಅಜ್ಜಾ, ಇದಕ್ಕೆ ಬೂಷ್ಟು ಬಂದಿದೆ" ಎಂದು ಒಂದನ್ನು ತಂದು ಕೈಗಿಟ್ಟಳು.

ಮಲೆನಾಡಿನವರಿಗೆ ಬೂಷ್ಟು ಹೊಸದೇನಲ್ಲ. ಮಳೆಗಾಲ ಮುಗಿಯುವುದರೊಳಗೆ ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಂ, ಎಲ್ಲಕ್ಕೂ ಅದು ಹಿಡಿದಿರುತ್ತದೆ. ಆದರೆ ಸಿ.ಡಿ. ಪ್ಲಾಸ್ಟಿಕ್ಕಿನದು, ಅದಕ್ಕೇನಾಗುತ್ತದೆ ಎಂದುಕೊಂಡಿದ್ದೆ. ಅವಳು ತಂದದ್ದು ಯಾವ ಸಿ.ಡಿ. ಎಂದು ನೋಡಿದಾಗ ಮಾತ್ರ ಎದೆ ಧಸಕ್ಕೆಂದಿತು. ಅದರ ಮೇಲೆ ನನ್ನದೇ ಅಕ್ಷರದಲ್ಲಿ ‘ಅಮ್ಮನ ಹಾಡುಗಳು’ ಎಂದು ಬರೆದಿತ್ತು.

1986ರ ಮಳೆಗಾಲದಲ್ಲಿ ನಮ್ಮ ಅಮ್ಮ ಜಗಲಿಯಲ್ಲಿ ಕೂತು ಹನ್ನೊಂದು ಹಾಡು ಹಾಡಿದ್ದರು. ಹಸೆ ಹಾಡು, ಆರತಿ ಹಾಡು, ಸೋಬಾನೆ, ಎರಡು ನಾಟಿ ಹಾಡು. ನಾನು ಟೇಪ್ ರೆಕಾರ್ಡರಿನಲ್ಲಿ ತುಂಬಿಸಿಕೊಂಡಿದ್ದೆ. ಅಮ್ಮ ತೀರಿಕೊಂಡದ್ದು 1993ರಲ್ಲಿ. 2004ರಲ್ಲಿ ಆ ಕ್ಯಾಸೆಟ್ಟನ್ನು ಚಿಕ್ಕಮಗಳೂರಿನ ಒಂದು ಅಂಗಡಿಯಲ್ಲಿ ಸಿ.ಡಿ.ಗೆ ಹಾಕಿಸಿದೆ. ಸಿ.ಡಿ. ಶಾಶ್ವತ ಎಂದು ಆಗ ಎಲ್ಲರೂ ಹೇಳುತ್ತಿದ್ದರು. ನಾನೂ ನಂಬಿ, ಇನ್ನು ಕ್ಯಾಸೆಟ್ ಯಾಕೆಂದು ನೆಂಟರ ಹುಡುಗನಿಗೆ ಕೊಟ್ಟುಬಿಟ್ಟೆ. ಅವನು ಅದರ ಮೇಲೆ ಸಿನಿಮಾ ಹಾಡು ತುಂಬಿಸಿಕೊಂಡ.

ಈಗ ಆ ಸಿ.ಡಿ.ಯನ್ನು ಒರೆಸಿ ಪ್ಲೇಯರಿಗೆ ಹಾಕಿದೆವು. ಎಂಟು ಹಾಡು ಚೆನ್ನಾಗಿ ಬಂತು. ಒಂಬತ್ತನೆಯದು ಅರ್ಧದಲ್ಲಿ ತೊದಲಿ ನಿಂತಿತು. ಹತ್ತು, ಹನ್ನೊಂದು ಇಲ್ಲವೇ ಇಲ್ಲ.

ನಾನು ಬಿ.ಕಾಂ. ಓದಿ, 1974ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವನು. ನಮ್ಮ ಶಾಖೆಗೆ ಕಂಪ್ಯೂಟರ್ ಬಂದಾಗ ಲೆಡ್ಜರಿನ ಪ್ರತಿ ಖಾತೆಯನ್ನೂ ನಾವೇ ಕೂತು ತುಂಬಿಸಿದ್ದೆವು. ಆಗಿನ ನಿಯಮ ಒಂದೇ: ಹೊಸ ಲೆಕ್ಕ ಹಳೆ ಲೆಕ್ಕದೊಂದಿಗೆ ಪೈಸೆ ಪೈಸೆ ತಾಳೆಯಾಗುವವರೆಗೆ ಹಳೆ ಲೆಡ್ಜರ್ ಬಿಸಾಡಬಾರದು. ಕಚೇರಿಯಲ್ಲಿ ಮೂವತ್ತೇಳು ವರ್ಷ ಪಾಲಿಸಿದ ಶಿಸ್ತನ್ನು ಮನೆಯಲ್ಲಿ, ಅದೂ ಅಮ್ಮನ ಧ್ವನಿಯ ವಿಷಯದಲ್ಲಿ ಮರೆತಿದ್ದೆ.

ಅವತ್ತೇ ಒಂದು ಉದ್ದ ರಿಜಿಸ್ಟರ್ ತೆಗೆದು ಸಿ.ಡಿ.ಗಳಿಗೆಲ್ಲ ನಂಬರ್ ಹಾಕಿದೆವು. ಒಟ್ಟು 212. ಇವನ್ನೆಲ್ಲ ಕಂಪ್ಯೂಟರಿಗೆ ಇಳಿಸಿ, ನಮ್ಮ ಹಳೆಯ ಸ್ಟೀರಿಯೋದಲ್ಲೇ ಕೇಳುವ ಹಾಗೆ ಮಾಡಬೇಕೆಂದು ಅಜ್ಜ, ಮೊಮ್ಮಗಳು ಸೇರಿ ನಿಶ್ಚಯಿಸಿದೆವು.

ತಟ್ಟೆಯೊಳಗೆ ಏನಿದೆ?

ಮಕ್ಕಳೇ, ಸಿ.ಡಿ. ಮಾರುಕಟ್ಟೆಗೆ ಬಂದದ್ದು 1982ರಲ್ಲಿ. ಫಿಲಿಪ್ಸ್ ಮತ್ತು ಸೋನಿ ಕಂಪನಿಗಳು ಸೇರಿ ರೂಪಿಸಿದ ಈ ತಟ್ಟೆಯ ಅಗಲ 12 ಸೆಂಟಿಮೀಟರ್, ದಪ್ಪ 1.2 ಮಿಲಿಮೀಟರ್. ಅದರೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಗುಳಿಗಳ ಒಂದೇ ಒಂದು ಸಾಲು, ಚಕ್ಕುಲಿಯ ಹಾಗೆ ಸುತ್ತಿಕೊಂಡಿರುತ್ತದೆ. ಬಿಡಿಸಿ ಎಳೆದರೆ ಸುಮಾರು 5 ಕಿಲೋಮೀಟರ್ ಉದ್ದ! ಒಂದು ತಲೆಕೂದಲಿನ ದಪ್ಪದಲ್ಲಿ ಇಂಥ ಮೂವತ್ತಕ್ಕೂ ಹೆಚ್ಚು ಸುತ್ತುಗಳಿರುತ್ತವೆ. ಅದರ ಮೇಲೆ ಲೇಸರ್ ಬೆಳಕು ಬಿದ್ದು ಹಿಂದಿರುಗುವ ರೀತಿಯಿಂದ ಪ್ಲೇಯರು ಸೊನ್ನೆ, ಒಂದು ಎಂದು ಓದಿಕೊಳ್ಳುತ್ತದೆ.

ಸಿ.ಡಿ.ಯಲ್ಲಿ ಧ್ವನಿಯನ್ನು ಒಂದು ಸೆಕೆಂಡಿಗೆ 44,100 ಸಲ ಅಳೆದು ಇಟ್ಟಿರುತ್ತಾರೆ. ಒಂದೊಂದು ಅಳತೆಗೂ 16 ಅಂಕೆ. ಎಡ ಸ್ಪೀಕರಿಗೊಂದು, ಬಲ ಸ್ಪೀಕರಿಗೊಂದು. ಗುಣಿಸಿ ನೋಡಿ: ಒಂದು ಸೆಕೆಂಡಿನ ಹಾಡಿಗೆ 14,11,200 ಅಂಕೆಗಳು! ಹೀಗಾಗಿ ಒಂದು ನಿಮಿಷದ ಹಾಡಿಗೆ ಸುಮಾರು 10 ಎಂ.ಬಿ. ಜಾಗ ಬೇಕು.

ಹಳೆಯ ಗ್ರಾಮಫೋನ್ ತಟ್ಟೆಯ ಮುಳ್ಳು ಹೊರಗಿನಿಂದ ಒಳಗೆ ಬರುತ್ತದೆ. ಸಿ.ಡಿ.ಯ ಲೇಸರ್ ಒಳಗಿನಿಂದ ಹೊರಗೆ ಹೋಗುತ್ತದೆ. ಅಂಚು ಹಾಳಾದರೆ ಮೊದಲು ಹೋಗುವುದು ಕೊನೆಯ ಹಾಡುಗಳು. ನಮ್ಮ ಅಮ್ಮನ ಸಿ.ಡಿ.ಯಲ್ಲಿ ಆದದ್ದೂ ಇದೇ.

ಬೂಷ್ಟು, ಗೋಂದು, ಮತ್ತು ನನ್ನ ತಪ್ಪು

ಬೂಷ್ಟು ಸಿ.ಡಿ.ಯನ್ನು ತಿನ್ನುತ್ತದೆಯೇ? 2001ರಲ್ಲಿ ಮಧ್ಯ ಅಮೆರಿಕದ ಬೆಲೀಜ್ ದೇಶದಿಂದ ಬಂದ ಒಂದು ಸಿ.ಡಿ.ಯನ್ನು ಸ್ಪೇನಿನ ವಿಜ್ಞಾನಿಗಳು ಪರೀಕ್ಷಿಸಿದಾಗ, ಜಿಯೋಟ್ರೈಕಮ್ ಎಂಬ ಶಿಲೀಂಧ್ರ ಅಂಚಿನಿಂದ ಒಳನುಗ್ಗಿ ಅಲ್ಯುಮಿನಿಯಂ ಪದರವನ್ನೇ ಹಾಳು ಮಾಡಿತ್ತು. ಬೆಲೀಜ್ ನಮ್ಮ ಹಾಗೇ ಸೆಖೆ, ತೇವ ಎರಡೂ ಇರುವ ದೇಶ. ಆದರೆ ನಮ್ಮ ಮನೆಯ ಬೂಷ್ಟು ಹೆಚ್ಚಿನ ತಟ್ಟೆಗಳಲ್ಲಿ ಮೇಲ್ಮೈಯಲ್ಲಷ್ಟೇ ಇತ್ತು. ಒರೆಸಿದರೆ ಹೋಯಿತು.

ಅಮ್ಮನ ಸಿ.ಡಿ. ಹಾಳಾಗಲು ಬೇರೆಯೇ ಕಾರಣವಿತ್ತು. ಸಿ.ಡಿ.ಗಳಲ್ಲಿ ಎರಡು ಜಾತಿ. ಕಂಪನಿಯವರು ಅಚ್ಚಿನಲ್ಲಿ ಒತ್ತಿ ತಯಾರಿಸಿದ್ದು ಒಂದು. ಅದರ ಗುಳಿಗಳು ಪ್ಲಾಸ್ಟಿಕ್ಕಿನಲ್ಲೇ ಮೂಡಿರುತ್ತವೆ. ಅಂಗಡಿಯಲ್ಲೋ ಮನೆಯಲ್ಲೋ ‘ಬರ್ನ್’ ಮಾಡಿದ್ದು ಇನ್ನೊಂದು. ಅದರಲ್ಲಿ ಗುಳಿಗಳಿಲ್ಲ, ಒಂದು ಬಣ್ಣದ ಪದರದ ಮೇಲೆ ಲೇಸರಿನಿಂದ ಸುಟ್ಟ ಗುರುತುಗಳಷ್ಟೇ. ಬೆಳಕು, ಸೆಖೆ, ತೇವಕ್ಕೆ ಈ ಬಣ್ಣ ಕೆಡುತ್ತದೆ.

ಇನ್ನೊಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ನಾವೆಲ್ಲ ಹೊಳೆಯುವ ಕೆಳಭಾಗವನ್ನು ಜೋಪಾನ ಮಾಡುತ್ತೇವೆ. ನಿಜಕ್ಕೂ ನಾಜೂಕಾದದ್ದು ಹೆಸರು ಬರೆಯುವ ಮೇಲ್ಭಾಗ. ಬೆಳಕನ್ನು ಹಿಂದಿರುಗಿಸುವ ಲೋಹದ ಪದರ ಅಲ್ಲೇ, ತೆಳ್ಳನೆಯ ವಾರ್ನಿಷ್‌ನ ಅಡಿಯಲ್ಲೇ ಇರುತ್ತದೆ. ನಾನು 2004ರಲ್ಲಿ ಅಭಿಮಾನದಿಂದ ಕಾಗದದ ಚೀಟಿ ಬರೆದು, ಗೋಂದು ಹಚ್ಚಿ ಅಂಟಿಸಿದ್ದೆ. ಇಪ್ಪತ್ತು ಮಳೆಗಾಲದ ತೇವಕ್ಕೆ ಚೀಟಿ ಉಬ್ಬಿ ಏಳುವಾಗ ಅಂಚಿನ ಲೋಹದ ಪದರವನ್ನೂ ಕಿತ್ತುಕೊಂಡೇ ಎದ್ದಿತ್ತು. ಅಮ್ಮನ ಹೆಸರು ಬರೆದ ಚೀಟಿಯೇ ಅಮ್ಮನ ಹಾಡನ್ನು ಕಿತ್ತಿತ್ತು.

ತಾಳೆ ನೋಡುವ ಕೆಲಸ

ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸಿ.ಡಿ. ಹಾಕುವ ಜಾಗವೇ ಇರುವುದಿಲ್ಲ. ಯು.ಎಸ್.ಬಿ. ತಂತಿಯ ಡಿ.ವಿ.ಡಿ. ಡ್ರೈವ್ ಒಂದನ್ನು ಮಗ ಬೆಂಗಳೂರಿನಿಂದ ತಂದ. ವಿಂಡೋಸ್ ಕಂಪ್ಯೂಟರಿನಲ್ಲಿ ‘ಎಕ್ಸಾಕ್ಟ್ ಆಡಿಯೋ ಕಾಪಿ’ ಎಂಬ ಉಚಿತ ತಂತ್ರಾಂಶ ಹಾಕಿದ. ಇದು ತಟ್ಟೆಯ ಪ್ರತಿ ಭಾಗವನ್ನೂ ಎರಡು ಸಲ ಓದಿ ಹೋಲಿಸುತ್ತದೆ. ಹೊಂದದಿದ್ದರೆ ಮತ್ತೆ ಮತ್ತೆ ಓದುತ್ತದೆ. ಕೊನೆಗೆ ಯಾವ ಹಾಡು ಸರಿ, ಯಾವುದು ಅನುಮಾನ ಎಂದು ವರದಿ ಕೊಡುತ್ತದೆ. ಬ್ಯಾಂಕಿನ ತಾಳೆ ಪದ್ಧತಿಯೇ! ನನಗೆ ಕೂಡಲೇ ಇಷ್ಟವಾಯಿತು.

ಒರೆಸುವುದಕ್ಕೆ ಒಂದು ಕ್ರಮವಿದೆ. ಮೆತ್ತನೆಯ ಹತ್ತಿ ಬಟ್ಟೆಯಿಂದ, ನಡುವಿನಿಂದ ಅಂಚಿನ ಕಡೆಗೆ ನೇರವಾಗಿ ಒರೆಸಬೇಕು. ದೋಸೆ ಹುಯ್ದ ಹಾಗೆ ಸುತ್ತಬಾರದು. ಅಡ್ಡ ಗೀರನ್ನು ದಾಟಿ ಓದುವ ಉಪಾಯ ಸಿ.ಡಿ.ಯಲ್ಲಿದೆ, ಸಾಲಿನುದ್ದಕ್ಕೂ ಬಿದ್ದ ಗೀರು ಕಷ್ಟ. ಕೊಳೆ ಹೋಗದಿದ್ದರೆ ಒಂದು ಹನಿ ಸೋಪಿನ ನೀರು. ಸೀಮೆಎಣ್ಣೆ, ಥಿನ್ನರ್ ಮುಟ್ಟಿಸಬೇಡಿ.

ಇಲ್ಲಿ ನನ್ನ ಎರಡನೇ ತಪ್ಪನ್ನೂ ಹೇಳಬೇಕು. ಜಾಗ ಉಳಿಸಲು ಮೊದಲ 40 ಸಿ.ಡಿ.ಗಳನ್ನು ಎಂ.ಪಿ.3 ಆಗಿ, ಅದೂ ಬಹಳ ಕುಗ್ಗಿಸಿ ಇಳಿಸಿದೆ. ಮೊಬೈಲಿನಲ್ಲಿ ಚೆನ್ನಾಗಿಯೇ ಕೇಳಿತು. ಸ್ಟೀರಿಯೋಗೆ ಹಾಕಿದಾಗ ಕಾಳಿಂಗ ನಾವಡರ ಭಾಗವತಿಕೆಯ ಹಿಂದಿನ ಚಂಡೆ ತಗಡು ಬಡಿದಂತೆ ಕೇಳಿಸಿತು. ಎಂ.ಪಿ.3 ಎಂದರೆ ನಮ್ಮ ಕಿವಿ ಗಮನಿಸದು ಎಂದುಕೊಂಡ ಭಾಗವನ್ನು ತೆಗೆದೇ ಬಿಡುವ ವಿಧಾನ. ಕಾಫಿ ಹಣ್ಣನ್ನು ಪಲ್ಪರಿಗೆ ಹಾಕಿದ ಮೇಲೆ ಸಿಪ್ಪೆಯನ್ನು ಮತ್ತೆ ಅಂಟಿಸಲು ಬರುತ್ತದೆಯೇ? ಹಾಗೆ. ‘ಫ್ಲ್ಯಾಕ್’ ಎಂಬ ಇನ್ನೊಂದು ವಿಧಾನ ರೇಷ್ಮೆ ಸೀರೆ ಮಡಚಿಟ್ಟ ಹಾಗೆ. ಜಾಗ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ, ಬಿಡಿಸಿದರೆ ಒಂದು ಎಳೆಯೂ ಕಡಿಮೆಯಾಗಿರುವುದಿಲ್ಲ. ಹಳೆ ಲೆಡ್ಜರ್ ಬಿಸಾಡಿರಲಿಲ್ಲವಾದ್ದರಿಂದ 40 ಸಿ.ಡಿ.ಗಳನ್ನೂ ಫ್ಲ್ಯಾಕ್‌ನಲ್ಲಿ ಮತ್ತೊಮ್ಮೆ ಇಳಿಸಿದೆವು.

ದಿನಕ್ಕೆ ಮೂರೋ ನಾಲ್ಕೋ. ಕರೆಂಟು ಹೋದರೆ ಬ್ಯಾಟರಿ ಇರುವಷ್ಟು. ದೀಪಾವಳಿಯ ಹೊತ್ತಿಗೆ ರಿಜಿಸ್ಟರಿನ ಕೊನೆಯ ಪುಟದಲ್ಲಿ ಹೀಗೆ ಬರೆದೆ: ಕಂಪನಿಯ 187ರಲ್ಲಿ 181 ಪೂರ್ಣ, 6 ಭಾಗಶಃ. ಬರ್ನ್ ಮಾಡಿದ 25ರಲ್ಲಿ 14 ಪೂರ್ಣ, 7 ಭಾಗಶಃ, 4 ಪೂರ್ತಿ ನಷ್ಟ. ಒಟ್ಟು 212, ತಾಳೆಯಾಯಿತು. ಎಲ್ಲ ಸೇರಿ 62 ಜಿ.ಬಿ.; ಹೆಬ್ಬೆರಳ ಉಗುರಿನಷ್ಟು ಮೆಮೊರಿ ಕಾರ್ಡಿನಲ್ಲಿ ಹಿಡಿಯುತ್ತದೆ. ನಿಮ್ಮ ಮನೆಯಲ್ಲೂ ಬರ್ನ್ ಮಾಡಿದ ಮದುವೆ, ನಾಮಕರಣದ ತಟ್ಟೆಗಳಿದ್ದರೆ ಮೊದಲು ಅವನ್ನು ಇಳಿಸಿ. ಅಂಗಡಿಯಲ್ಲಿ ಕೊಂಡದ್ದು ಕಾಯುತ್ತದೆ.

ಹೆಸರಿಲ್ಲದ ಹಾಡುಗಳು

ಒಂದು ಆಶ್ಚರ್ಯ. ಹೆಚ್ಚಿನ ಸಿ.ಡಿ.ಗಳೊಳಗೆ ಹಾಡಿನ ಹೆಸರೇ ಇರುವುದಿಲ್ಲ! ಕಂಪ್ಯೂಟರು ಹಾಡುಗಳ ಉದ್ದವನ್ನು ಅಳೆದು, ಇಂಥ ಅಳತೆಯದು ಯಾವ ಸಿ.ಡಿ. ಎಂದು ಅಂತರ್ಜಾಲದಲ್ಲಿ ವಿಚಾರಿಸಿ ಹೆಸರು ತರುತ್ತದೆ. ನಮ್ಮ ಹಳೆಯ ಕನ್ನಡ ಸಿ.ಡಿ.ಗಳಲ್ಲಿ ಬಹಳಷ್ಟಕ್ಕೆ ಉತ್ತರವೇ ಬರಲಿಲ್ಲ. ಬಂದದ್ದು ಬರೀ ‘ಟ್ರ್ಯಾಕ್ 1, ಟ್ರ್ಯಾಕ್ 2’. ಹೆಸರಿಲ್ಲದ ಎರಡು ಸಾವಿರ ಹಾಡು ಇಟ್ಟುಕೊಂಡು ಏನು ಮಾಡುವುದು?

ನಾನು ಹೊದಿಕೆ ನೋಡಿ ಓದುತ್ತಿದ್ದೆ, ಮೊಮ್ಮಗಳು ಕನ್ನಡದಲ್ಲೇ ಬೆರಳಚ್ಚಿಸುತ್ತಿದ್ದಳು. ಹಾಡು, ಕವಿ, ಸಂಗೀತ, ಗಾಯಕ. ಪ್ರತಿ ಹೆಸರಿಗೂ ಅವಳದೊಂದು ಪ್ರಶ್ನೆ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕನ್ನಡ ಭಾವಗೀತೆಗಳ ಮೊದಲ ಧ್ವನಿಸುರುಳಿ, ಕವಿ ನಿಸಾರ್ ಅಹಮದ್, ಸ್ವರ ಹಾಕಿದವರು ಮೈಸೂರು ಅನಂತಸ್ವಾಮಿ ಎಂದೆ. ‘ಕಾಡು ಕುದುರೆ’ ಚಿತ್ರದ ಹಾಡಿಗೆ ಶಿವಮೊಗ್ಗ ಸುಬ್ಬಣ್ಣನವರಿಗೆ ರಾಷ್ಟ್ರಪ್ರಶಸ್ತಿ ಬಂದದ್ದನ್ನು ಹೇಳಿದೆ. ಕಾಳಿಂಗ ನಾವಡರು 1990ರಲ್ಲಿ ಅಪಘಾತದಲ್ಲಿ ತೀರಿಕೊಂಡಾಗ ಅವರಿಗಿನ್ನೂ ಮೂವತ್ತೆರಡರ ಆಸುಪಾಸು ಎಂದಾಗ ಅವಳು ಬೆರಳಚ್ಚು ನಿಲ್ಲಿಸಿ ಸುಮ್ಮನೆ ಕೂತಳು.

ಅಮ್ಮನ ಹಾಡಿಗೆ ಬಂದಾಗ ಕವಿ ಎಂಬ ಜಾಗದಲ್ಲಿ ಏನು ಬರೆಯುವುದೆಂದು ಕೇಳಿದಳು. ‘ಬಾಯಿಂದ ಬಾಯಿಗೆ ಬಂದದ್ದು’ ಎಂದು ಬರೆಸಿದೆ. ಹಾಡುಗಳ ನಡುವೆ ಅಮ್ಮನ ಮಾತೂ ಇತ್ತು. "ಸಾಕಲ್ಲವಾ, ಒಲೆ ಮೇಲೆ ಹಾಲಿದೆ" ಎನ್ನುತ್ತಾರೆ. ಹಿಂದೆ ಹೆಂಚಿನ ಮೇಲೆ ಮಳೆಯ ಸದ್ದು. ಅದನ್ನು ಕತ್ತರಿಸಿ ಹಾಡು ಮಾತ್ರ ಇಡೋಣವೇ ಎಂದಳು ಮೊಮ್ಮಗಳು. ಬೇಡ, ಹಾಲೂ ಇರಲಿ ಮಳೆಯೂ ಇರಲಿ ಎಂದೆ.

ಸ್ಟೀರಿಯೋಗೆ ಕೊಟ್ಟದ್ದು ಹೇಗೆ?

ನಮ್ಮ ಆಂಪ್ಲಿಫೈಯರಿಗೆ ಪೆನ್ ಡ್ರೈವ್ ಹಾಕುವ ಕಿಂಡಿಯಿಲ್ಲ. ಆದರೆ ಹಿಂದೆ ‘ಆಕ್ಸ್’ ಎಂದು ಬರೆದ ಕೆಂಪು, ಬಿಳಿ ತೂತುಗಳಿವೆ. ಒಂದು ತುದಿಯಲ್ಲಿ ಇಯರ್‌ಫೋನಿನ ಪಿನ್ನು, ಇನ್ನೊಂದು ತುದಿಯಲ್ಲಿ ಕೆಂಪು, ಬಿಳಿ ಪಿನ್ನು ಇರುವ ತಂತಿ ಕೊಂಡೆವು. ಮನೆಯಲ್ಲಿ ಮೂಲೆಗೆ ಬಿದ್ದಿದ್ದ ಹಳೆಯ ಆಂಡ್ರಾಯ್ಡ್ ಮೊಬೈಲಿಗೆ ಮೆಮೊರಿ ಕಾರ್ಡ್ ಹಾಕಿ, ವಿ.ಎಲ್.ಸಿ. ಎಂಬ ಉಚಿತ ಆ್ಯಪ್ ಇಳಿಸಿದೆವು. ಅಷ್ಟೇ. ನಡುವೆ ಸದ್ದುಗದ್ದಲ ಬರದಂತೆ ಅದನ್ನು ಏರ್‌ಪ್ಲೇನ್ ಮೋಡ್‌ನಲ್ಲಿ ಇಟ್ಟಿದ್ದೇವೆ. ಮೊಬೈಲಿನ ವಾಲ್ಯೂಮ್ ಹೆಚ್ಚುಕಡಿಮೆ ಪೂರ್ತಿ ಏರಿಸಿ, ಬೇಕಾದಷ್ಟನ್ನು ಆಂಪ್ಲಿಫೈಯರಿನಲ್ಲಿ ತಿರುಗಿಸಿಕೊಳ್ಳಬೇಕು. ‘ಗುಂಯ್’ ಎಂಬ ಸದ್ದು ಬಂದರೆ ಚಾರ್ಜರ್ ತೆಗೆದು ನೋಡಿ. ನಮ್ಮಲ್ಲಿ ಹಾಗೇ ಹೋಯಿತು.

ಒಂದೇ ಕಡೆ ಇಟ್ಟು ಕೂರಬೇಡಿ. ನಮ್ಮದು ಲ್ಯಾಪ್‌ಟಾಪಿನಲ್ಲೊಂದು, ಬೇರೆ ಹಾರ್ಡ್ ಡಿಸ್ಕಿನಲ್ಲೊಂದು, ಬೆಂಗಳೂರಿನ ಮಗನ ಮನೆಯಲ್ಲೊಂದು. ಬ್ಯಾಂಕಿನ ಅಭ್ಯಾಸದಂತೆ ವರ್ಷಕ್ಕೊಮ್ಮೆ ಮಾರ್ಚ್ 31ರಂದು ಮೂರನ್ನೂ ತೆರೆದು ನೋಡುವುದೆಂದು ರಿಜಿಸ್ಟರಿನಲ್ಲಿ ಬರೆದಿದ್ದೇನೆ. ಸಿ.ಡಿ.ಗಳನ್ನು ಬಿಸಾಡಿಲ್ಲ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಬೀರುವಿನಲ್ಲೇ ಇವೆ. ಕೊಂಡ ಹಾಡುಗಳ ನಕಲು ನಮ್ಮ ಮನೆಯ ಬಳಕೆಗೆ ಮಾತ್ರ. ಊರಿಗೆಲ್ಲ ಹಂಚಿದರೆ ಹಾಡಿದವರ ಪಾಲನ್ನು ಕಸಿದಂತೆ.

ಹತ್ತು ಮತ್ತು ಹನ್ನೊಂದು

ಅಮ್ಮನ ಸಿ.ಡಿ.ಯನ್ನು ಪರಿಚಿತರ ಹಳೆಯ ಕಂಪ್ಯೂಟರಿಗೂ ಹಾಕಿ ನೋಡಿದೆವು. ಒಂದು ಡ್ರೈವ್ ಓದದ್ದನ್ನು ಇನ್ನೊಂದು ಓದುವುದುಂಟು. ಸಂಜೆಯಿಂದ ನಡುರಾತ್ರಿಯವರೆಗೆ ಗುರುಗುಟ್ಟಿ ಅದು ಒಂಬತ್ತನೇ ಹಾಡನ್ನು ಪೂರ್ತಿ ಕೊಟ್ಟಿತು. ಮುಂದಕ್ಕೆ ಹೋಗಲಿಲ್ಲ.

ನನ್ನ ಅಕ್ಕನಿಗೆ ಎಂಬತ್ತು ದಾಟಿದೆ, ಕಳಸದಲ್ಲಿದ್ದಾಳೆ. ದೀಪಾವಳಿ ಮುಗಿದ ಮೇಲೆ ಕೊಟ್ಟಿಗೆಹಾರದ ದಾರಿಯಾಗಿ ಬಸ್ಸಿನಲ್ಲಿ ಹೋಗಿ, ರಿಜಿಸ್ಟರ್ ತೋರಿಸಿ ಹತ್ತನೇ ಹಾಡಿನ ಹೆಸರು ಓದಿದೆ. ಅಕ್ಕ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತು, ಗಂಟಲು ಸರಿಮಾಡಿಕೊಂಡು ಹಾಡತೊಡಗಿದಳು. ಮೊಮ್ಮಗಳು ಮೊಬೈಲಿನಲ್ಲಿ ತುಂಬಿಸಿಕೊಂಡಳು. ನಡುವೆ ಎರಡು ಸಾಲು ಮರೆತು, ನಕ್ಕು, ಮತ್ತೆ ಮೊದಲಿನಿಂದ ಹಾಡಿದಳು. ಅದನ್ನೂ ಕತ್ತರಿಸಿಲ್ಲ.

ಹನ್ನೊಂದನೆಯದು ಒಂದು ನಾಟಿ ಹಾಡು. ಅಕ್ಕನಿಗೆ ರಾಗ ಅಲ್ಪಸ್ವಲ್ಪ ಗೊತ್ತು, ಪದ ಗೊತ್ತಿಲ್ಲ. ಅಮ್ಮನ ಜೊತೆ ಗದ್ದೆಗಿಳಿದು ಹಾಡುತ್ತಿದ್ದವರು ಯಾರೂ ಈಗಿಲ್ಲ. ರಿಜಿಸ್ಟರಿನಲ್ಲಿ ಅದರ ಹೆಸರಿನ ಮುಂದೆ ಜಾಗ ಖಾಲಿ ಬಿಟ್ಟಿದ್ದೇನೆ.

ಈಗ ಸಂಜೆ ಹೊತ್ತು ಸ್ಟೀರಿಯೋದಲ್ಲಿ ಒಂಬತ್ತು ಹಾಡು ಅಮ್ಮನ ಧ್ವನಿಯಲ್ಲಿ, ಹತ್ತನೆಯದು ಅಕ್ಕನ ಧ್ವನಿಯಲ್ಲಿ ಬರುತ್ತದೆ. ಮೊಮ್ಮಗಳು ಹೋಂವರ್ಕ್ ಮಾಡುತ್ತ ಜೊತೆಗೆ ಗುನುಗುತ್ತಾಳೆ. ಮಕ್ಕಳೇ, ಈ ಭಾನುವಾರ ನಿಮ್ಮ ಅಜ್ಜ, ಅಜ್ಜಿಯ ಬೀರು ತೆಗೆಸಿ. ಸಿ.ಡಿ. ಸಿಕ್ಕರೆ ಸರಿ, ಸಿಗದಿದ್ದರೆ ಅಜ್ಜಿಯ ಹತ್ತಿರವೇ ಒಂದು ಹಾಡು ಹೇಳಿಸಿ ತುಂಬಿಸಿಕೊಳ್ಳಿ. ಹೆಸರು, ಊರು, ತಾರೀಖು ಬರೆದಿಡುವುದನ್ನು ಮಾತ್ರ ಮರೆಯಬೇಡಿ.