ರೆಕ್ಕೆಯೊಳಗಿನ ರಬ್ಬರ್ ಚೀಲ

ಬ್ಲ್ಯಾಡರ್ ಎಂದೊಡನೆ ನಮಗೆ ನೆನಪಾಗುವುದು ಫುಟ್‌ಬಾಲಿನೊಳಗಿನ ರಬ್ಬರ್ ಚೀಲ. ಅಮೆರಿಕದ ಹಳೆಯ ಸಣ್ಣ ವಿಮಾನಗಳ ರೆಕ್ಕೆಯೊಳಗೂ ಅಂಥದೊಂದು ಚೀಲವುಂಟು. ಅದರಲ್ಲಿ ತುಂಬುವುದು ಗಾಳಿಯನ್ನಲ್ಲ, ಪೆಟ್ರೋಲನ್ನು. ಮರಾಠಿ ಶಾಲೆಯಲ್ಲಿ ‘ಪಖಾಲ’ ಎಂದೂ ಮನೆಯಲ್ಲಿ ‘ಪಕಾಲಿ’ ಎಂದೂ ನಾನು ಕಲಿತ ತೊಗಲಿನ ನೀರುಚೀಲಕ್ಕೆ ಇದು ದೂರದ ಬಂಧು. ಇದನ್ನು ‘ಇಂಧನಕೋಶ’ ಎಂದರೆ ಜಲಜನಕದಿಂದ ವಿದ್ಯುತ್ತು ಮಾಡುವ ಸಾಧನವೆಂದು ಓದುಗರು ಭ್ರಮಿಸಿಯಾರು. ಆದುದರಿಂದ ಇಂಧನಚೀಲವೆಂದೇ ಕರೆಯೋಣ.

1956ರಲ್ಲಿ ಬಂದ ಸೆಸ್ನಾ 182 ವಿಮಾನವನ್ನು ನೋಡಿ. 1978ರ ಮಾದರಿಯವರೆಗೆ ಅದರ ರೆಕ್ಕೆಯಲ್ಲಿದ್ದುದು ಚೀಲವೇ. ಅನಂತರ ರೆಕ್ಕೆಯ ಲೋಹದ ಪೊಳ್ಳನ್ನೇ ಮುಚ್ಚಿ ತೊಟ್ಟಿಯಾಗಿಸಿದರು. ನೈಲಾನ್ ಬಟ್ಟೆಗೆ ರಬ್ಬರ್ ಲೇಪಿಸಿದ ಈ ಚೀಲ ಇಂಧನ ತುಂಬಿರುವಷ್ಟು ಕಾಲ ಮೃದುವಾಗಿರುತ್ತದೆ. ಬರಿದಾಗಿ ಒಣಗಿತೆಂದರೆ ಮೃದುತ್ವ ಕೊಡುವ ಅಂಶಗಳು ಆರಿಹೋಗಿ ಕುಗ್ಗುತ್ತದೆ, ಬಿರಿಯುತ್ತದೆ. ಆಗ ರೆಕ್ಕೆಯ ಅಡಿಯಲ್ಲಿ ನೀಲಿ ಕಲೆ ಮೂಡುತ್ತದೆ. ವಿಮಾನದ ಪೆಟ್ರೋಲಿಗೆ ನೀಲಿ ಬಣ್ಣ ಬೆರೆಸಿರುವುದರಿಂದ ಅದು ಆವಿಯಾದರೂ ಗುರುತು ಉಳಿಯುತ್ತದೆ.

ಸೋರುವ ಚೀಲ ತನ್ನ ದೋಷವನ್ನು ತಾನೇ ಸಾರುತ್ತದೆ. ಅದಕ್ಕಿಂತ ಕೇಡಿನದು, ಸೋರದೆಯೇ ಸುಕ್ಕುಗಟ್ಟಿದ ಚೀಲ. ಹಳೆಯ ಮುಚ್ಚಳಗಳ ಸಂದಿನಿಂದ ಮಳೆನೀರು ಒಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರವಾದುದರಿಂದ ತಳಕ್ಕೆ ಸೇರಿ, ಹಾರಾಟಕ್ಕೆ ಮುನ್ನ ತೆರೆಯುವ ಬಸಿಗಂಡಿಯಿಂದ ಹೊರಬರಬೇಕು. ತಳದ ಸುಕ್ಕು ಗದ್ದೆಯ ಬದುವಿನಂತೆ ಅದನ್ನು ತಡೆದು ನಿಲ್ಲಿಸುತ್ತದೆ. ಬಸಿದು ನೋಡಿದ ಚಾಲಕನಿಗೆ ಶುದ್ಧ ಇಂಧನವೇ ಕಾಣುತ್ತದೆ. ವಿಮಾನ ಮೂತಿಯೆತ್ತಿ ಮೇಲೇರುವಾಗ ನೀರು ಬದುವನ್ನು ದಾಟಿ ಎಂಜಿನ್ನಿಗೆ ಹರಿಯುತ್ತದೆ. ನೆಲ ಬಿಟ್ಟ ಆ ಕ್ಷಣದಲ್ಲಿ ಎಂಜಿನ್ ನಿಂತರೆ ತಿರುಗಿ ಇಳಿಯುವಷ್ಟು ಎತ್ತರವೂ ಇರುವುದಿಲ್ಲ. 1984ರಲ್ಲಿ ಅಮೆರಿಕದ ವಿಮಾನಯಾನ ಆಡಳಿತವು ಇಂಥ ಸೆಸ್ನಾಗಳಲ್ಲಿ ಸುಕ್ಕಿನ ತಪಾಸಣೆಯನ್ನು ಕಡ್ಡಾಯಗೊಳಿಸಿದುದು ಇದಕ್ಕಾಗಿಯೇ. ರೆಕ್ಕೆಯನ್ನು ಅಲುಗಾಡಿಸಿ, ಬಾಲವನ್ನು ತಗ್ಗಿಸಿ ಮತ್ತೆ ಬಸಿಯುವ ರೂಢಿಯೂ ಆಗ ಬಲವಾಯಿತು.

ಬದಲಾವಣೆಯ ಕೆಲಸ ಹೇಳಲು ಸುಲಭ, ಮಾಡಲು ತ್ರಾಸಿನದು. ಇಂಧನವನ್ನೆಲ್ಲ ಬಸಿದು, ಕೊಳವೆಯ ಪಟ್ಟಿಗಳನ್ನು ಸಡಿಲಿಸಿ, ಛಾವಣಿಗೆ ಹಿಡಿದಿರುವ ಒತ್ತುಗುಂಡಿಗಳನ್ನು ಬಿಡಿಸಿ, ಹಳೆಯದನ್ನು ಕಿರಿದಾದ ಕಿಂಡಿಯಿಂದ ಎಳೆದು ತೆಗೆಯಬೇಕು. ಬಳಿಕ ಪೊಳ್ಳಿನೊಳಗಿನ ರಿವೆಟ್ಟುಗಳ ತಲೆ, ತಗಡಿನ ಚೂಪಂಚು ಎಲ್ಲಕ್ಕೂ ಟೇಪು ಅಂಟಿಸಬೇಕು. ಇಲ್ಲಿ ಅವಸರಪಟ್ಟರೆ ಹೊಸ ಚೀಲಕ್ಕೂ ತೂತು ಬೀಳುತ್ತದೆ. ಹೊಸದನ್ನು ಬೆಚ್ಚಗಿನ ಜಾಗದಲ್ಲಿ ಮೆತ್ತಗಾಗಿಸಿ, ಸುತ್ತಿ ಒಳತೂರಿಸಿ, ಮೊಣಕೈವರೆಗೆ ಕೈಯಿಳಿಸಿ, ಕಣ್ಣಿಗೆ ಕಾಣದ ಗುಂಡಿಗಳನ್ನು ಬೆರಳಿನಿಂದಲೇ ಹುಡುಕಿ ಒತ್ತುತ್ತಾರೆ. ತಳದ ಮೂಲೆಗಳನ್ನು ಅಂಗೈಯಿಂದ ಸವರಿ ಸಪಾಟು ಮಾಡುವುದಕ್ಕೆ ಉಳಿದೆಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕು. ಕೊಳವೆಯ ಪಟ್ಟಿಯನ್ನು ಅತಿಯಾಗಿ ಬಿಗಿದರೆ ರಬ್ಬರ್ ಕತ್ತರಿಸುತ್ತದೆ.

ಗುಂಡಿಯೊಂದು ಬಿಟ್ಟುಕೊಂಡರೆ, ಇಲ್ಲವೆ ಗಾಳಿಕೊಳವೆ ಕಟ್ಟಿಕೊಂಡರೆ, ಚೀಲ ಒಳಗೊಳಗೇ ಮುದುಡುತ್ತದೆ. ತಳ ಮೇಲೆದ್ದಾಗ ಮಾಪಕದ ತೇಲುಗುಂಡೂ ಮೇಲೆದ್ದು, ಇಲ್ಲದ ಪೆಟ್ರೋಲನ್ನು ಇದೆಯೆಂದು ತೋರಿಸುತ್ತದೆ. ಆದುದರಿಂದ ಕೆಲಸ ಮುಗಿದ ಮೇಲೆ ಅಳೆದಳೆದು ಇಂಧನ ತುಂಬಿ, ಪ್ರತಿ ಅಳತೆಗೂ ಮಾಪಕದ ಮುಳ್ಳನ್ನು ನೋಡಿ, ಅಳತೆಗೋಲಿನ ಮೇಲೆ ಹೊಸದಾಗಿ ಗೀರು ಹಾಕಿಕೊಳ್ಳುತ್ತಾರೆ.