ಕುಡಿತ ಬಿಡಿಸುವ ಕೆಲಸ ಮನೆ ಡಾಕ್ಟರಿಂದಲೇ ಶುರು

‘ಹೊಟ್ಯಾಗ ಉರಿ ಐತ್ರಿ ಸಾಹೇಬ್ರ, ಒಂದ್ ಸಲೈನ್ ಹಾಕ್ರಿ.’

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯ ದವಾಖಾನೆಗಳಲ್ಲಿ ಕೇಳಿಬರುವ ಮಾತಿದು. ಕುಡಿತದ ಕಾಯಿಲೆ ತನ್ನ ಹೆಸರು ಹೇಳಿಕೊಂಡು ಬರುವುದು ಅಪರೂಪ. ಹೊಟ್ಟೆಯುರಿ, ನಿದ್ದೆಗೇಡು, ಬೈಕಿನಿಂದ ಬಿದ್ದ ಗಾಯ, ಗುಳಿಗೆಗೂ ಇಳಿಯದ ಬಿಪಿ ಇವುಗಳ ಮರೆಯಲ್ಲಿ ಅದು ಬರುತ್ತದೆ. ಹಾಗಾಗಿ ಅದನ್ನು ಮೊದಲು ನೋಡುವವರು ಮನೋವೈದ್ಯರಲ್ಲ, ಮೂರು ತಲೆಮಾರಿನ ನಾಡಿ ಹಿಡಿದ ಮನೆ ಡಾಕ್ಟರು.

ಕೇಂದ್ರ ಸರ್ಕಾರ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯ ಪ್ರಕಾರ, ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗಷ್ಟೇ ಏನಾದರೊಂದು ಚಿಕಿತ್ಸೆ ಸಿಕ್ಕಿದೆ. ಈ ಕಂದರ ತುಂಬಲು ತಜ್ಞರ ಸಂಖ್ಯೆ ಸಾಲದು. ಎಂಬಿಬಿಎಸ್ ಓದುವಾಗ ಮನೋವೈದ್ಯಕೀಯಕ್ಕೆ ಸಿಗುವುದೂ ಕೆಲವೇ ವಾರ. ಉಳಿದದ್ದನ್ನು ಕೆಲಸ ಮಾಡುತ್ತಲೇ ಕಲಿಯಬೇಕು.

ಕರ್ನಾಟಕಕ್ಕೆ ಇದು ಹೊಸದಲ್ಲ. 1980ರ ದಶಕದಲ್ಲೇ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯ ಸಾಮಾನ್ಯ ವೈದ್ಯರಿಗೆ ಮಾನಸಿಕ ಕಾಯಿಲೆಗಳ ಚಿಕಿತ್ಸೆ ಕಲಿಸಿತ್ತು; ರಾಷ್ಟ್ರೀಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. ಈಗ ನಿಮ್ಹಾನ್ಸ್ ಸಂಸ್ಥೆಯ ವ್ಯಸನ ಚಿಕಿತ್ಸಾ ಕೇಂದ್ರ ‘ಎಕೋ’ ಪದ್ಧತಿಯಲ್ಲಿ ಪಾಠ ಹೇಳುತ್ತದೆ. ಡಾ. ಸಂಜೀವ್ ಅರೋರಾ 2003ರಲ್ಲಿ ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ಹೆಪಟೈಟಿಸ್ ಸಿ ರೋಗಿಗಳಿಗಾಗಿ ಕಟ್ಟಿದ ಪದ್ಧತಿ ಅದು. ವೈದ್ಯರು ತಮ್ಮೂರಲ್ಲೇ ಕೂತು ವಿಡಿಯೊದಲ್ಲಿ ತಮ್ಮ ರೋಗಿಯ ಸ್ಥಿತಿ ವಿವರಿಸುತ್ತಾರೆ. ತಜ್ಞರು ಹಾದಿ ತೋರಿಸುತ್ತಾರೆ.

ಮೊದಲ ಪಾಠ, ಕೇಳುವುದು. ‘ಕುಡೀತೀಯೇನು?’ ಎಂದು ಗದರಿದರೆ ‘ಇಲ್ರಿ’ ಎಂಬ ಉತ್ತರ ಸಿದ್ಧ. ವಿಶ್ವ ಆರೋಗ್ಯ ಸಂಸ್ಥೆಯ ‘ಆಡಿಟ್’ ಪಟ್ಟಿಯಲ್ಲಿ ಎಷ್ಟು ಸಲ, ಎಷ್ಟು ಪ್ರಮಾಣ ಎಂದು ಸಾವಧಾನವಾಗಿ ಕೇಳುವ 10 ಪ್ರಶ್ನೆಗಳಿವೆ. 40ರಲ್ಲಿ 8 ಅಂಕ ಮುಟ್ಟಿದರೆ ಎಚ್ಚರಿಕೆ ಬೇಕು.

ಎರಡನೆಯದು, ಬಿಡಿಸುವ ಕ್ರಮ. ದಿನವೂ ವಿಪರೀತ ಕುಡಿಯುವವರು ಶ್ರಾವಣ ಬಂತೆಂದು ಒಮ್ಮೆಲೇ ಬಿಟ್ಟರೆ ಅಪಾಯವುಂಟು. ಮೊದಲ ದಿನ ಕೈನಡುಕ, ಬೆವರು. ಎರಡು ದಿನದೊಳಗೆ ಫಿಟ್ಸ್ ಬರಬಹುದು. ಮೂರನೆಯ ದಿನದ ಹೊತ್ತಿಗೆ ಇಲ್ಲದ್ದು ಕಂಡು ಬಡಬಡಿಸಬಹುದು. ಮನೆಯವರು ದೆವ್ವ ಹಿಡಿಯಿತೆಂದು ದೇವರ ಕೇಳಲು ಹೊರಡುವುದು ಆಗಲೇ. ಡಯಾಜೆಪಾಮ್ ಜಾತಿಯ ಗುಳಿಗೆಗಳನ್ನು ಲೆಕ್ಕ ಹಾಕಿ ಕೊಟ್ಟು, ದಿನದಿನಕ್ಕೆ ಇಳಿಸಿದರೆ ಇದನ್ನು ತಡೆಯಬಹುದು. ಫಿಟ್ಸ್, ಭ್ರಮೆ ಕಂಡರೆ ಆಸ್ಪತ್ರೆಗೇ ಸೇರಿಸಬೇಕು.

ಸಲೈನಿನಲ್ಲೂ ಒಂದು ಗುಟ್ಟಿದೆ. ಕುಡಿತದಿಂದ ಬಿ1 ವಿಟಮಿನ್ ಬತ್ತಿದ ದೇಹಕ್ಕೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟು ಬೀಳಬಹುದು. ಗ್ಲೂಕೋಸಿನ ಜೊತೆಗೋ ಅದಕ್ಕೂ ಮೊದಲೋ ಥಯಮಿನ್ ಇಂಜೆಕ್ಷನ್ ಕೊಡಬೇಕು.

‘ಅವ್ರಿಗೆ ಗೊತ್ತಾಗದ್ಹಂಗ ಚಾದಾಗ ಹಾಕೋ ಪುಡಿ ಕೊಡ್ರಿ’ ಎಂದು ಹೆಂಡತಿ ಕೇಳುವುದುಂಟು. ಕುಡಿತ ಬಿಡಿಸಲು ಬಳಸುವ ಡೈಸಲ್ಫಿರಾಮ್ ಔಷಧಿಯನ್ನು ಹಾಗೆ ಕದ್ದು ಕೊಟ್ಟ ಮೇಲೆ ಗಂಡ ಕುಡಿದರೆ ಬಿಪಿ ಕುಸಿದು ಜೀವಕ್ಕೇ ಸಂಚಕಾರ. ಬೇಡವೆನ್ನುವ ಡಾಕ್ಟರು ನಾಲ್ಟ್ರೆಕ್ಸೋನ್‌ನಂಥ ಬೇರೆ ಔಷಧಿಗಳಿವೆಯೆಂದು ತಿಳಿಸಿ, ಗಂಡನನ್ನೇ ಕರೆತರಲು ಹೇಳುತ್ತಾರೆ.

ಬಿಟ್ಟವರು ಮತ್ತೆ ಕುಡಿಯುವುದು ಸಾಮಾನ್ಯ. ಸಕ್ಕರೆ ಏರಿದ ರೋಗಿಯನ್ನು ಯಾವ ಡಾಕ್ಟರೂ ಹೊರಗಟ್ಟುವುದಿಲ್ಲ; ಇಲ್ಲಿಯೂ ಅದೇ ನ್ಯಾಯ. ಬಿಗಡಾಯಿಸಿದರೆ ಧಾರವಾಡದ ಮಾನಸಿಕ ಆಸ್ಪತ್ರೆ ಡಿಮ್ಹಾನ್ಸ್ ಇದೆ. ಊರಿಗೆ ಮರಳಿದ ಮೇಲೆ ವರ್ಷಗಟ್ಟಲೆ ನೋಡಿಕೊಳ್ಳುವವರು ಮತ್ತೆ ಮನೆ ಡಾಕ್ಟರೇ. ಅವರೆದುರು ಬಾಯಿಬಿಡಲು ಸಂಕೋಚವಾದವರು ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು.